ಟಚ್‌ಸ್ಕ್ರೀನ್ ಮೇಲಿನ ಬೆರಳ ಜಿಡ್ಡು: ಮೊದಲು ಕೈಯಲ್ಲಿರುವ ಬಟ್ಟೆ ನೋಡಿ

ಲ್ಯಾಪ್‌ಟಾಪ್ ಆಫ್ ಮಾಡಿ, ಪರದೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ತಿರುಗಿಸಿ ನೋಡಿ. ಆನ್ ಇದ್ದಾಗ ಕಣ್ಣಿಗೆ ಬೀಳದ ಗುರುತುಗಳೆಲ್ಲ ಆಗ ಎದ್ದು ಕಾಣುತ್ತವೆ. ಪುಟ ಸರಿಸಿದ ಕಡೆ ಉದ್ದುದ್ದ ಗೆರೆ, ಒತ್ತಿದ ಕಡೆ ದುಂಡನೆಯ ಕಲೆ, ಮೇಲಿನ ಮೂಲೆಯಲ್ಲಿ ಯಾರೋ ಹೆಬ್ಬೆರಳಿಟ್ಟು ಹಿಂದಕ್ಕೆ ತಳ್ಳಿದ ಅಚ್ಚು. ನಮ್ಮ ಮನೆಯಲ್ಲಿ ಒಂದೇ ಲ್ಯಾಪ್‌ಟಾಪನ್ನು ನಾಲ್ಕು ಜನ ಮುಟ್ಟುತ್ತೇವೆ, ಅದರಲ್ಲಿ ಇಬ್ಬರು ಮಕ್ಕಳು. ಅದನ್ನು ಒರೆಸಿ ಇಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಮೊದಮೊದಲು ತಪ್ಪು ಮಾಡಿದ್ದೇನೆ. ಅದರಿಂದ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಆ ತಪ್ಪು ಹೀಗೆ. ಪರದೆಯ ತುಂಬ ಬೆರಳ ಗುರುತು ಕಂಡು, ಅಲ್ಲೇ ಮೇಜಿನ ಮೇಲಿದ್ದ ಬಟ್ಟೆಯಿಂದ ಗಸಗಸನೆ ಉಜ್ಜಿಬಿಟ್ಟೆ. ಅದೇ ಬಟ್ಟೆಯಲ್ಲಿ ಮೇಜಿನ ಧೂಳನ್ನೂ ಒರೆಸಿದ್ದೆವು. ಜಿಡ್ಡೇನೋ ಹೋಯಿತು. ಸಂಜೆ ಓರೆ ಬೆಳಕಿನಲ್ಲಿ ನೋಡಿದರೆ ಎಡಗಡೆ ಕೂದಲೆಳೆಯಂಥ ಒಂದು ಗೀರು, ಒಂದು ಬೆರಳಿನಷ್ಟು ಉದ್ದ. ಇವತ್ತಿಗೂ ಅದು ಅಲ್ಲೇ ಇದೆ. ಮಕ್ಕಳು ವರ್ಷಗಟ್ಟಲೆ ಮುಟ್ಟಿದರೂ ಆಗದ ಹಾನಿ ನನ್ನ ಒಂದು ಗಳಿಗೆಯ ಅವಸರದಲ್ಲಿ ಆಯಿತು. ಹಾಗಾಗಿ ಈಗ ಯಾರು ಕೇಳಿದರೂ ಯಾವ ದ್ರಾವಣ ಒಳ್ಳೆಯದು ಎಂಬ ಮಾತಿಗೆ ಮೊದಲು, ಯಾವ ಬಟ್ಟೆ ಹಿಡಿದಿದ್ದೀರಿ ಎಂದು ಕೇಳುತ್ತೇನೆ.

ಗೀರು ಬೀಳುವುದಕ್ಕೆ ಕಾರಣ ಸರಳ. ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ಮರಳು ಬಹುಮಟ್ಟಿಗೆ ಕ್ವಾರ್ಟ್ಜ್. ಮೋಸ್ ಗಡಸುತನದ ಅಳತೆಯಲ್ಲಿ ಕ್ವಾರ್ಟ್ಜ್ 7ರಲ್ಲಿದ್ದರೆ ಸಾಮಾನ್ಯ ಗಾಜು ಇರುವುದು 5.5ರ ಆಸುಪಾಸಿನಲ್ಲಿ. ಟಚ್‌ಸ್ಕ್ರೀನಿಗೆ ಹಾಕುವ ಗಾಜು ಇನ್ನಷ್ಟು ಗಟ್ಟಿ ಇರಬಹುದು, ಆದರೂ ಬಟ್ಟೆಯ ಕೆಳಗೆ ಒಂದು ಕಣ ಸಿಕ್ಕಿಕೊಂಡು ನೀವು ಒತ್ತಿ ಎಳೆದರೆ ಅದು ತನ್ನ ಕೆಲಸ ಮಾಡಿಯೇ ತೀರುತ್ತದೆ. ಅದಕ್ಕೇ ಒರೆಸುವ ಮುಂಚೆ ಧೂಳು ತೆಗೆಯಬೇಕು. ನಾನು ಮೆತ್ತನೆಯ ಕೂದಲಿನ ಒಂದು ಅಗಲ ಬ್ರಶ್ ಇಟ್ಟುಕೊಂಡಿದ್ದೇನೆ, ಬೇರೆ ಯಾವ ಕೆಲಸಕ್ಕೂ ಅದನ್ನು ಬಳಸುವುದಿಲ್ಲ. ಪರದೆಯ ಮೇಲಿಂದ ಕೆಳಕ್ಕೆ, ಒತ್ತದೆ, ಹಾಗೇ ಸವರಿಬಿಡುತ್ತೇನೆ. ಬ್ರಶ್ ಇಲ್ಲದಿದ್ದರೆ ಒಣ ಬಟ್ಟೆಯನ್ನು ಗರಿಯಂತೆ ಹಗುರಾಗಿ ಆಡಿಸಿದರೂ ನಡೆಯುತ್ತದೆ. ಬಾಯಿಂದ ಊದಬೇಡಿ, ಎಂಜಲಿನ ಹನಿ ಸಿಡಿದು ಹೊಸ ಕಲೆ ಕೂರುತ್ತದೆ.

ಈಗ ಬಟ್ಟೆಯ ವಿಚಾರ. ಮೈಕ್ರೋಫೈಬರ್ ಎಂದು ಸಿಗುತ್ತದಲ್ಲ, ಅದೇ ಸರಿ. ಹೆಸರಿಗಾಗಿ ಹೇಳುತ್ತಿಲ್ಲ, ಅದರ ನೂಲಿನಲ್ಲೇ ಗುಣವಿದೆ. ಆ ಎಳೆ ಎಷ್ಟು ಸಪೂರ ಎಂದರೆ 9000 ಮೀಟರ್ ಉದ್ದದ ಎಳೆಯೂ ಒಂದು ಗ್ರಾಂ ತೂಗುವುದಿಲ್ಲ. ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ ಪಾಲಿಅಮೈಡ್ ಸೇರಿಸಿ ನೂತು, ಆಮೇಲೆ ಎಳೆಯನ್ನು ಸೀಳಿರುತ್ತಾರೆ. ಸೀಳಿದ ಆ ಸಂದುಗಳಲ್ಲಿ ಜಿಡ್ಡು ಹೊಕ್ಕು ಕೂತುಬಿಡುತ್ತದೆ. ಸಾಧಾರಣ ಬಟ್ಟೆ ಜಿಡ್ಡನ್ನು ಇಲ್ಲಿಂದ ಅಲ್ಲಿಗೆ ಸವರುತ್ತದೆ, ಇದು ಎತ್ತಿಕೊಳ್ಳುತ್ತದೆ. ಕನ್ನಡಕದ ಡಬ್ಬಿಯಲ್ಲಿ ಮಡಚಿಟ್ಟು ಕೊಡುವ ಬಟ್ಟೆ ಇದೇ ಜಾತಿಯದು. ಬೇರೆ ಏನೂ ಇಲ್ಲದಾಗ ಅದನ್ನು ಬಳಸಬಹುದು, ಆದರೆ ಸಣ್ಣದಾದ್ದರಿಂದ ಪರದೆಗೆ ಸಾಲದು. ಅಂಗೈ ಎರಡರಷ್ಟು ಅಗಲದ ಎರಡು ಬಟ್ಟೆ ಬೇರೆಯಾಗಿಯೇ ಇಟ್ಟುಕೊಳ್ಳಿ, ಒಂದು ಒದ್ದೆಗೆ, ಒಂದು ಒಣಗಿಸುವುದಕ್ಕೆ. ಅಂಚಿಗೆ ಗಟ್ಟಿ ಹೊಲಿಗೆ ಇಲ್ಲದ್ದಾದರೆ ಇನ್ನೂ ಒಳ್ಳೆಯದು.

ಟಿಶ್ಯೂ ಪೇಪರ್, ಅಡುಗೆಮನೆಯ ಪೇಪರ್ ಟವೆಲ್ ಬೇಡವೇ ಬೇಡ. ಕೈಗೆ ಮೆತ್ತಗೆ ಅನಿಸಿದರೂ ಅವು ಮರದ ನಾರಿನಿಂದ ಮಾಡಿದವು. ಪರದೆಯ ಮೇಲಿನ ಲೇಪವನ್ನು ಸವೆಸುತ್ತವೆ, ಸಾಲದ್ದಕ್ಕೆ ಪುಡಿಯನ್ನೂ ಉದುರಿಸುತ್ತವೆ. ಹಾಕಿಕೊಂಡಿರುವ ಅಂಗಿಯ ತುದಿ ಎಳೆದು ಒರೆಸುವ ಅಭ್ಯಾಸವೂ ಅಷ್ಟೇ. ನನ್ನ ಹಳೆಯ ಕನ್ನಡಕಗಳ ಗಾಜು ಮಂಜು ಮಂಜಾದದ್ದು ಹಾಗೆ ಒರೆಸಿಯೇ.

ಬೆರಳ ಗುರುತು ಎಂದರೆ ಏನು ಎಂದು ಗೊತ್ತಿದ್ದರೆ ಒರೆಸುವುದು ಸುಲಭ. ನಮ್ಮ ಅಂಗೈಯಲ್ಲಿ, ಬೆರಳ ತುದಿಯಲ್ಲಿ ಎಣ್ಣೆ ಒಸರುವ ಗ್ರಂಥಿಗಳೇ ಇಲ್ಲ, ಬೆವರಿನವು ಮಾತ್ರ. ಹಾಗಾದರೆ ಜಿಡ್ಡು ಎಲ್ಲಿಂದ? ಹಣೆ ಉಜ್ಜುತ್ತೇವೆ, ಮೂಗು ಸವರುತ್ತೇವೆ, ಕೂದಲು ಹಿಂದಕ್ಕೆ ಸರಿಸುತ್ತೇವೆ, ಕೈಗೆ ಕ್ರೀಮ್ ಹಚ್ಚುತ್ತೇವೆ, ಅದೇ ಕೈಯಲ್ಲಿ ಪರದೆ ಮುಟ್ಟುತ್ತೇವೆ. ಹೀಗೆ ಅಲ್ಲಿ ಸೇರುವುದು ಬೆವರಿನ ಉಪ್ಪು ಒಂದು, ಮುಖದ ಎಣ್ಣೆ ಒಂದು. ಉಪ್ಪು ನೀರಿಗೆ ಕರಗುತ್ತದೆ, ಎಣ್ಣೆ ಕರಗುವುದಿಲ್ಲ. ಬರೀ ಒಣ ಬಟ್ಟೆಯಲ್ಲಿ ಒರೆಸಿದಾಗ ಕೆಲವೊಮ್ಮೆ ಮಬ್ಬು ಉಳಿದುಬಿಡುವುದೂ, ಬರೀ ನೀರಿಗೆ ಕೆಲವು ಕಲೆ ಜಗ್ಗದಿರುವುದೂ ಇದರಿಂದಲೇ.

ಒರೆಸುವುದಕ್ಕೆ ಕೂರುವ ಮುಂಚೆ ಚಾರ್ಜರ್ ಕಿತ್ತು, ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ. ಸ್ಲೀಪ್‌ನಲ್ಲಿಟ್ಟರೆ ಸಾಲದು. ಈ ಪರದೆಗೆ ಬೆರಳು ಗೊತ್ತಾಗುವುದು ವಿದ್ಯುತ್ತಿನ ಸಣ್ಣ ಬದಲಾವಣೆಯಿಂದ. ಒದ್ದೆ ಬಟ್ಟೆಯೂ ನೀರ ಹನಿಯೂ ಅದಕ್ಕೆ ಬೆರಳಿನಂತೆಯೇ ತೋರಬಹುದು. ನಾನು ಒಮ್ಮೆ ಆನ್ ಇರುವಾಗಲೇ ಒರೆಸಹೋಗಿ, ಮೊಮ್ಮಗಳು "ಅಜ್ಜಿ, ನನ್ನ ಫೈಲ್ ಎಲ್ಲಿ ಹೋಯ್ತು!" ಎಂದು ಕೂಗಿಕೊಂಡಿದ್ದಳು. ಆಮೇಲೆ ಬೇರೆ ಫೋಲ್ಡರಿನಲ್ಲಿ ಸಿಕ್ಕಿತೆನ್ನಿ. ಇನ್ನೊಂದು ಕಾರಣವೂ ಇದೆ: ಬಿಸಿಯಾದ ಪರದೆಯ ಮೇಲೆ ತೇವ ಬೇಗ ಆರಿ ಗೆರೆ ಗೆರೆಯಾಗಿ ಉಳಿಯುತ್ತದೆ. ಹತ್ತು ನಿಮಿಷ ತಣ್ಣಗಾಗಲಿ.

ಆಮೇಲೆ ಮುಚ್ಚಳದ ಹಿಂಬದಿಗೆ ಒಂದು ಅಂಗೈ ಆಸರೆ ಕೊಟ್ಟುಕೊಳ್ಳಿ. ಹಾಗೆ ಮಾಡದೆ ಮುಂದಿನಿಂದ ಒತ್ತಿದರೆ ಭಾರವೆಲ್ಲ ಕೆಳಗಿನ ಎರಡು ಹಿಂಜ್ ಮೇಲೆ ಬೀಳುತ್ತದೆ. ಪೂರ್ತಿ ಮಲಗಿಸಬಲ್ಲ ಲ್ಯಾಪ್‌ಟಾಪ್ ಆದರೆ ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿಬಿಡಿ, ಕೈಗೆ ಸುಖ.

ಮೊದಲು ಒಣ ಮೈಕ್ರೋಫೈಬರ್‌ನಿಂದ ಒಂದು ಸುತ್ತು. ಅರ್ಧಕ್ಕರ್ಧ ದಿನ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಮುಗಿಯದಿದ್ದರೆ ನೀರು. ನಲ್ಲಿ ನೀರಿನಲ್ಲಿ ಸುಣ್ಣ, ಮೆಗ್ನೀಸಿಯಂ ಮೊದಲಾದ ಖನಿಜಗಳಿರುತ್ತವೆ, ನೀರು ಆರಿದ ಮೇಲೆ ಅವು ಬಿಳಿ ಚುಕ್ಕೆಯಾಗಿ ನಿಲ್ಲುತ್ತವೆ. ಕುದಿಸಿ ಆರಿಸಿದರೆ ಆಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಕುದಿಸಿದರೆ ಹೋಗುವುದು ನೀರೇ ಹೊರತು ಕರಗಿದ ಖನಿಜಗಳೆಲ್ಲ ಹೋಗುವುದಿಲ್ಲ. ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ.

ನೀರನ್ನು ಬಟ್ಟೆಗೆ ಹಾಕಬೇಕು, ಪರದೆಗಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ. ಪರದೆಗೇ ಸ್ಪ್ರೇ ಮಾಡಿದರೆ ಹನಿ ಜಾರಿ ಕೆಳಗಿನ ಅಂಚಿಗೆ ಬರುತ್ತದೆ. ಅಲ್ಲಿ ಗಾಜಿಗೂ ಚೌಕಟ್ಟಿಗೂ ನಡುವೆ ಕೂದಲು ತೂರುವಷ್ಟು ಸಂದು ಇದ್ದರೂ ಸಾಕು, ನೀರು ತಾನಾಗಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಒಳಗೆ ಹೋದದ್ದನ್ನು ಒರೆಸಿ ತೆಗೆಯುವುದಕ್ಕೆ ನಮ್ಮ ಕೈಯಲ್ಲಾಗುವುದಿಲ್ಲ. ಬಟ್ಟೆಯ ತೇವ ಎಷ್ಟಿರಬೇಕು ಎಂದರೆ, ಹಿಂಡಿದರೆ ಒಂದು ಹನಿಯೂ ಬೀಳಬಾರದು, ಕೆನ್ನೆಗೆ ಒತ್ತಿಕೊಂಡರೆ ತಣ್ಣಗೆ ಅನಿಸಬೇಕು. ಅಷ್ಟೇ ತೇವ.

ಆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಬೆರಳ ತುದಿಯಿಂದ ಒತ್ತದೆ ಇಡೀ ಅಂಗೈ ಹರಡಿ, ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಎಳೆಯಿರಿ. ಪ್ರತಿ ಪಟ್ಟಿಯೂ ಹಿಂದಿನದರ ಮೇಲೆ ಸ್ವಲ್ಪ ಹಾಯಲಿ. ಎರಡು ಪಟ್ಟಿಗೊಮ್ಮೆ ಮಡಿಕೆ ತಿರುಗಿಸಿ ಹೊಸ ಮಗ್ಗುಲು ಹಿಡಿಯಿರಿ. ಇದನ್ನು ಮಾಡದೇ ಹೋದರೆ ಎತ್ತಿಕೊಂಡ ಜಿಡ್ಡನ್ನೇ ಮತ್ತೆ ಬಳಿಯುತ್ತೀರಿ. "ಎಷ್ಟು ಒರೆಸಿದರೂ ಮಬ್ಬು ಹೋಗ್ತಾ ಇಲ್ಲ" ಎನ್ನುವವರ ಬಟ್ಟೆ ಇಸಿದುಕೊಂಡು ನೋಡಿದ್ದೇನೆ, ಒಂದೇ ಮಗ್ಗುಲು ಕಪ್ಪಗಾಗಿರುತ್ತದೆ. ಕೂಡಲೇ ಒಣ ಬಟ್ಟೆಯಿಂದ ಅದೇ ದಾರಿಯಲ್ಲಿ ಹಗುರವಾಗಿ ಒರೆಸಿ. ತಾನಾಗಿ ಆರಲಿ ಎಂದು ಬಿಟ್ಟರೆ ಗೆರೆ ಮೂಡುತ್ತದೆ. ಮೂಲೆಗಳಿಗೆ ಕಿವಿಗೆ ಬಳಸುವ ಹತ್ತಿಕಡ್ಡಿ ಸಾಕು. ಮೇಲ್ಗಡೆ ಕ್ಯಾಮೆರಾದ ಸಣ್ಣ ಕಣ್ಣನ್ನು ಮರೆಯಬೇಡಿ, ವಿಡಿಯೋ ಕರೆಯಲ್ಲಿ ಮುಖ ಮಂಜಾಗಿ ಕಾಣುತ್ತಿದ್ದರೆ ಬಹಳ ಸಲ ಅಲ್ಲೊಂದು ಹೆಬ್ಬೆರಳ ಗುರುತು ಕೂತಿರುತ್ತದೆ.

ಇಷ್ಟಕ್ಕೂ ಹೋಗದ ಒಣಗಿದ ಅಂಟು, ಸನ್‌ಸ್ಕ್ರೀನ್ ಹಚ್ಚಿದ ಕೈಯ ಕಲೆ ಇದ್ದರೆ ಎರಡು ದಾರಿ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದೇ ಒಂದು ಹನಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸುವುದು, ಮತ್ತೆ ಬರಿ ನೀರಿನ ಬಟ್ಟೆಯಲ್ಲಿ ಸೋಪಿನ ಅಂಶ ತೆಗೆಯುವುದು. ಇನ್ನೊಂದು, ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲ್. ಹಲವು ಕಂಪನಿಗಳು ತಮ್ಮ ಕೈಪಿಡಿಯಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿವೆ, ಆದರೂ ನಿಮ್ಮ ಮಾಡೆಲ್‌ನ ಕೈಪಿಡಿ ಒಮ್ಮೆ ನೋಡಿಯೇ ಮುಂದುವರಿಯಿರಿ. ಕಲೆ ಇರುವ ಜಾಗಕ್ಕೆ ಮಾತ್ರ, ಬಟ್ಟೆಯ ತುದಿಗೆ ಎರಡು ಹನಿ ಹಾಕಿಕೊಂಡು. ಅದು ಬೆಂಕಿ ಹತ್ತಿಕೊಳ್ಳುವ ವಸ್ತು, ಒಲೆ ದೀಪಗಳ ಹತ್ತಿರ ಬೇಡ, ಮಕ್ಕಳ ಕೈಗೆ ಸಿಗುವ ಕಡೆ ಇಡಬೇಡಿ. ದಿನವೂ ಇದರಲ್ಲೇ ಒರೆಸುವುದನ್ನು ನಾನಂತೂ ಒಪ್ಪುವುದಿಲ್ಲ. ಅಂಟು ಗಟ್ಟಿಯಾಗಿದ್ದರೆ ಉಗುರಿನಿಂದ ಕೆರೆಯುವ ಬದಲು ತೇವದ ಬಟ್ಟೆಯನ್ನು ಅದರ ಮೇಲೆ ಅರ್ಧ ನಿಮಿಷ ಸುಮ್ಮನೆ ಒತ್ತಿ ಹಿಡಿಯಿರಿ, ನೆನೆದು ತಾನೇ ಬಿಡುತ್ತದೆ.

ಲೇಪ ಎಂದೆನಲ್ಲ, ಅದರ ಬಗ್ಗೆ ಸ್ವಲ್ಪ. ಬಹಳಷ್ಟು ಟಚ್‌ಸ್ಕ್ರೀನುಗಳ ಗಾಜಿನ ಮೇಲೆ ಎಣ್ಣೆ ಹಿಡಿಯದಂತೆ ತಡೆಯುವ ಒಂದು ಪದರ ಇರುತ್ತದೆ, ಕೂದಲಿಗಿಂತ ಸಾವಿರಾರು ಪಟ್ಟು ತೆಳ್ಳಗೆ. ಬೆರಳು ನಯವಾಗಿ ಜಾರುವುದೂ ಗುರುತು ಸುಲಭವಾಗಿ ಹೋಗುವುದೂ ಅದರಿಂದ. ಒಂದು ಸಣ್ಣ ನೀರ ಹನಿಯನ್ನು ಪರದೆಯ ನಡುಮಧ್ಯೆ ಇಟ್ಟು ನೋಡಿ, ಮುತ್ತಿನಂತೆ ಉಬ್ಬಿ ನಿಂತರೆ ಪದರ ಇದೆ, ಚಪ್ಪಟೆಯಾಗಿ ಹರಡಿಕೊಂಡರೆ ಸವೆದಿದೆ. ನೋಡಿದ ಕೂಡಲೇ ಹನಿ ಒರೆಸಿಬಿಡಿ. ಕಿಟಕಿ ಗಾಜು ಒರೆಸುವ ಅಮೋನಿಯಾ ಬೆರೆತ ದ್ರವ, ಉಗುರುಬಣ್ಣ ತೆಗೆಯುವ ಅಸಿಟೋನ್, ಬ್ಲೀಚ್, ವಿನಿಗರ್, ಇವೆಲ್ಲ ಈ ಪದರಕ್ಕೆ ಶತ್ರುಗಳು. ಗೀರಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಎನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಟೂತ್‌ಪೇಸ್ಟಿನಲ್ಲಿ ಇರುವುದೇ ಹಲ್ಲು ಉಜ್ಜುವ ಸಣ್ಣ ಸಣ್ಣ ಕಣಗಳು, ಒಂದು ಗೀರಿಗೆ ಹಚ್ಚಿದರೆ ಸುತ್ತಲಿನ ಜಾಗವೆಲ್ಲ ಮಂಕಾಗುತ್ತದೆ. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಮುಂತಾದವು ಇರುವುದರಿಂದ ಅಂಟಂಟು ಪೊರೆ ಉಳಿಯುತ್ತದೆ. ಮಗುವಿಗೆ ಬಳಸುವ ಒದ್ದೆ ವೈಪ್ಸ್ ಕೂಡ ಹಾಗೇ, ಚರ್ಮಕ್ಕೆ ಹಿತವಾದ ಲೋಷನ್ ಗಾಜಿಗೆ ಜಿಡ್ಡು.

ಬಟ್ಟೆ ಕೊಳೆಯಾದರೆ ಎಸೆಯಬೇಕಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸೋಪು ಹಾಕಿ ಕೈಯಲ್ಲೇ ಕಿವುಚಿ, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ, ನೆರಳಿನಲ್ಲಿ ಒಣಗಿಸಿ. ಫ್ಯಾಬ್ರಿಕ್ ಕಂಡಿಷನರ್ ಹಾಕಿದರೆ ಆ ಸೀಳಿನ ಸಂದುಗಳೆಲ್ಲ ಮುಚ್ಚಿಹೋಗಿ ಬಟ್ಟೆ ಕೆಲಸಕ್ಕೆ ಬಾರದಾಗುತ್ತದೆ. ಟವೆಲ್ ಜೊತೆ ಒಗೆದರೆ ಅದರ ಜುಂಗೆಲ್ಲ ಇದಕ್ಕೆ ಮೆತ್ತಿಕೊಳ್ಳುತ್ತದೆ. ಇಸ್ತ್ರಿ ಬೇಡ, ಎಳೆ ಕರಗುತ್ತದೆ. ಒಣಗಿದ ಮೇಲೆ ಮುಚ್ಚಳವಿರುವ ಡಬ್ಬಿಯಲ್ಲಿಟ್ಟರೆ ಧೂಳು ಕೂರುವುದಿಲ್ಲ. ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿ ಬಳಸಬೇಡಿ, ತೊಳೆದೇ ಬಳಸಿ.

ಕೊನೆಗೊಂದು ವಿಷಯ, ಬಹಳ ಜನರ ಗಮನಕ್ಕೆ ಬಾರದ್ದು. ಒರೆಸಿ ಫಳಫಳ ಮಾಡಿ ಮುಚ್ಚಿಟ್ಟ ಲ್ಯಾಪ್‌ಟಾಪನ್ನು ಮಾರನೇ ದಿನ ತೆರೆದರೆ ಪರದೆಯ ಮೇಲೆ ಸಣ್ಣ ಸಣ್ಣ ಚೌಕದ ಸಾಲು ಕಾಣುತ್ತದೆ. ಯಾರೂ ಮುಟ್ಟಿಲ್ಲವಲ್ಲ ಎಂದು ನಾನೂ ತಲೆ ಕೆರೆದುಕೊಂಡಿದ್ದೆ. ಹತ್ತಿರದಿಂದ ನೋಡಿದಾಗ ಗೊತ್ತಾಯಿತು, ಅದು ಕೀಬೋರ್ಡಿನ ಅಚ್ಚು. ಕೀಗಳ ಮೇಲಿನ ಕೈಜಿಡ್ಡು, ಮುಚ್ಚಿದಾಗ ಎದುರಿನ ಗಾಜಿಗೆ ತಗುಲಿ ಅಂಟಿಕೊಂಡಿತ್ತು. ಚೀಲದಲ್ಲಿ ಮೇಲಿನಿಂದ ಪುಸ್ತಕದ ಭಾರ ಬಿದ್ದರಂತೂ ಇನ್ನೂ ಜಾಸ್ತಿ. ಅಂದಿನಿಂದ ನಾನು ಮೊದಲು ಕೀಬೋರ್ಡನ್ನು ಬೇರೆ ಬಟ್ಟೆಯಿಂದ ಒರೆಸಿ, ಆಮೇಲೆ ಪರದೆಗೆ ಕೈ ಹಾಕುತ್ತೇನೆ. ಎರಡೂ ಮುಗಿದ ಮೇಲೆ ಮುಚ್ಚಳವನ್ನು ಕಾಲು ಗಂಟೆ ತೆರೆದೇ ಬಿಡುತ್ತೇನೆ, ಅಂಚಿನಲ್ಲಿ ಉಳಿದ ತೇವ ಆರಲಿ ಎಂದು. ಮಕ್ಕಳು ಅಷ್ಟರೊಳಗೆ ಬಂದರೆ, "ಕೈ ತೊಳ್ಕೊಂಡು ಬಾ ಪುಟ್ಟಾ, ಅಷ್ಟರಲ್ಲಿ ಆರುತ್ತೆ" ಎನ್ನುತ್ತೇನೆ.