ಪಕ್ಕಚಲನೆಯಲ್ಲಿ ಸವಾರನ ಭಾರ: ರೇಸಿನಿಂದ ಬಂದ ಕುದುರೆಯೊಂದಿಗೆ ನನ್ನ ಅನುಭವ

ನಮ್ಮಲ್ಲಿ ಸವಾರಿ ಕಲಿಯಲು ಸಿಗುವ ಕುದುರೆಗಳಲ್ಲಿ ಅನೇಕವು ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಎಂಬ ಓಟದ ತಳಿಯವು. ನಾನು ಪಕ್ಕಚಲನೆ (ಮುಂದಕ್ಕೆ ಸಾಗುತ್ತಲೇ ಪಕ್ಕಕ್ಕೂ ಸರಿಯುವ ನಡೆ) ಕಲಿಸಿದ ಕುದುರೆಯೂ ಅಂಥದ್ದೇ. ಜಾಕಿಗಳು ರಿಕಾಪನ್ನು (ಸವಾರ ಪಾದವಿಡುವ ಬಳೆ) ಗಿಡ್ಡವಾಗಿಸಿಕೊಂಡು ಜೀನಿನಿಂದ ಮೇಲೆದ್ದೇ ಓಡಿಸುವುದರಿಂದ, ಬೆನ್ನ ಮೇಲೆ ಕುಳಿತವರ ಭಾರವೂ ಒಂದು ಸೂಚನೆಯಾಗಬಲ್ಲದು ಎಂಬುದು ಅದಕ್ಕೆ ತಿಳಿದಿರಲಿಲ್ಲ. ಕಾಲು ಒತ್ತಿದರೆ ಓಡಬೇಕು ಎಂಬುದಷ್ಟೇ ಗೊತ್ತಿತ್ತು. ಆದ್ದರಿಂದ ಕಾಲಿನ ಬದಲು ಭಾರದಿಂದಲೇ ಪಾಠ ಆರಂಭಿಸಿದೆ.

ನಡಿಗೆಯಲ್ಲಿ 10 ಮೀಟರ್ ವೃತ್ತ ಹಾಕಿಸುತ್ತ, ಒಳಬದಿಯ ಪೃಷ್ಠದ ಮೂಳೆಯನ್ನು ಜೀನಿಗೆ ತುಸು ಹೆಚ್ಚು ಒತ್ತಿ, ಮುಂಡವನ್ನು ಮಾತ್ರ ನೆಟ್ಟಗಿಟ್ಟುಕೊಂಡು ಕಾಯುತ್ತಿದ್ದೆ. ಹೆಗಲ ಮೇಲಿನ ಮಗು ಒಂದೆಡೆಗೆ ವಾಲಿದರೆ ಹೊತ್ತವರು ಆ ಕಡೆಗೇ ಹೆಜ್ಜೆಯಿಡುವಂತೆ, ಕುದುರೆಯೂ ಭಾರದ ಅಡಿಗೆ ಬರತೊಡಗಿತು.

ತೊಡಕು ಎದುರಾದದ್ದು ಶೋಲ್ಡರ್-ಇನ್ ಎಂಬ ಪಕ್ಕಚಲನೆಯಲ್ಲಿ. ಅಲ್ಲಿ ಕುದುರೆ ಒಳಕ್ಕೆ ಬಾಗಿ, ಮುಂಭಾಗವನ್ನು ಸವಾರಿ ಅಂಗಳದ ಗೋಡೆಯಿಂದ ಸುಮಾರು 30 ಡಿಗ್ರಿ ಒಳಗೆ ತಂದು, ಬಾಗಿದ ದಿಕ್ಕಿಗೆ ಹೋಗದೆ ಗೋಡೆಯುದ್ದಕ್ಕೂ ಸಾಗಬೇಕು. ಭಾರ ಒಳಬದಿಯಲ್ಲೇ ಇರಬೇಕೆಂದು ಕೆಲವು ತರಬೇತುದಾರರೂ, ಸಾಗುವ ದಿಕ್ಕಿಗಿರಬೇಕೆಂದು ಮತ್ತೆ ಕೆಲವರೂ ಹೇಳುತ್ತಾರೆ. ನನ್ನ ಕುದುರೆಯಂತೂ ಒಳಗಿನ ಭಾರವನ್ನು ನಂಬಿ ವೃತ್ತಕ್ಕೇ ಹೊರಟುಬಿಡುತ್ತಿತ್ತು. ಅದು ಕಲಿತ ಪಾಠವೇ ಅದು, ತಪ್ಪೇನಿಲ್ಲ. ಹಾಗಾಗಿ ಮೂಲೆಯಿಂದ ಹೊರಬರುವಾಗ ಮೊದಲ ಹೆಜ್ಜೆಗೆ ಮಾತ್ರ ಭಾರವನ್ನು ಒಳಗಿಟ್ಟು, ಭುಜಗಳು ಒಳಬಂದೊಡನೆ ನಡುವಿಗೆ ಮರಳಿ, ಹೊರಲಗಾಮಿನಿಂದ ಕ್ಷಣಕಾಲ ತಡೆದು, ಹೊರಗಿನ ರಿಕಾಪನ್ನು ಹಗುರವಾಗಿ ತುಳಿಯುವ ಕ್ರಮ ಹಿಡಿದೆ. ನನ್ನ ಒಳಗಾಲು ಜೀನು ಬಿಗಿಯುವ ಹೊಟ್ಟೆಪಟ್ಟಿಯ ಬಳಿಯೇ ಇದ್ದು, ಕುದುರೆಯ ಒಳಗಿನ ಹಿಂಗಾಲು ನೆಲ ಬಿಡುವ ಹೊತ್ತಿಗೆ ಮಾತ್ರ ಒತ್ತುತ್ತಿತ್ತು.

ಕುದುರೆ ಮುಂದಕ್ಕೂ ಪಕ್ಕಕ್ಕೂ ಓರೆಯಾಗಿ ಸಾಗುವ ಹಾಫ್-ಪಾಸ್‌ನಲ್ಲಿ ಬಾಗುವ ದಿಕ್ಕೂ ಸಾಗುವ ದಿಕ್ಕೂ ಒಂದೇ ಆದ್ದರಿಂದ ಭಾರದ ಬಗ್ಗೆ ಗೊಂದಲವಿಲ್ಲ. ಕಷ್ಟವೆಲ್ಲ ಸವಾರನ ದೇಹದ್ದು. ಹಿಂದಕ್ಕೊಯ್ದ ಹೊರಗಾಲಿನಿಂದ ಬಲವಾಗಿ ತಳ್ಳತೊಡಗಿದರೆ ಒಳಪಕ್ಕೆ ಕುಸಿದು, ಆಸನ ಹೊರಕ್ಕೆ ಜಾರಿ, ಹೋಗಬೇಕಾದ ದಿಕ್ಕಿಗೆ ಭಾರವೇ ಅಡ್ಡಿಯಾಗುತ್ತದೆ. ಕುಳಿತವರಿಗೆ ಇದು ತಿಳಿಯುವುದು ಕಡಿಮೆ. ಜೀನಿನ ಹಿಂಬದಿಯ ನಡುಭಾಗವು ಕುದುರೆಯ ಬೆನ್ನುಮೂಳೆಯ ನೇರಕ್ಕಿದೆಯೇ ಎಂದು ಹಿಂದೆ ನಿಂತವರಿಂದ ನೋಡಿಸಿಕೊಳ್ಳುವುದು, ಒಳಮೊಣಕಾಲನ್ನು ಕೆಳಕ್ಕೆ ಇಳಿಬಿಡುವುದು, ಆಗಾಗ ರಿಕಾಪಿಲ್ಲದೆ ಸವಾರಿ ಮಾಡುವುದು ನನಗೆ ನೆರವಾದವು.

ಈಗ ಕುದುರೆ ಟ್ರಾಟ್‌ನಲ್ಲಿ (ನಡಿಗೆಗಿಂತ ವೇಗದ ಓಟ) ಬಲಕ್ಕೆ ಹಾಫ್-ಪಾಸ್ ಸರಾಗವಾಗಿ ಸಾಗುತ್ತದೆ. ಎಡಕ್ಕೆ ಮಾತ್ರ ಹಿಂಭಾಗ ಭುಜಗಳಿಗಿಂತ ಮುಂದೆ ಓಡುತ್ತದೆಯಾದ್ದರಿಂದ, ಆ ಕಡೆ ಹೊರಡುವ ಮುನ್ನ ಒಂದೆರಡು ಹೆಜ್ಜೆ ಶೋಲ್ಡರ್-ಇನ್ ಮಾಡಿಸಿ, ಭುಜಗಳು ಮುಂದಾದ ಮೇಲಷ್ಟೇ ಭಾರವನ್ನು ಎಡಕ್ಕೆ ಕೊಡುತ್ತೇನೆ.