ಮರ ಕಪಾತು: ಕೊಂಬೆ ಕಡಿಯುವುದು ಹೇಗೆ, ಗಾಯಕ್ಕೆ ಏನು ಬಳಿಯಬಾರದು

ಕೊಡಗಿನ ಕಾಫಿ ತೋಟದಲ್ಲಿ ನಡೆಯುವಾಗ ಗಿಡ ನೋಡುವುದು ಬಿಟ್ಟು ಸ್ವಲ್ಪ ತಲೆ ಎತ್ತಿ ನೋಡಿ. ನಾಲ್ಕೈದು ವರ್ಷದ ಹಿಂದೆ ಕಪಾತು ಮಾಡಿದ ನೆರಳು ಮರಗಳಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಒಂದು, ಕಾಂಡದಿಂದ ಅರ್ಧ ಅಡಿ ಚಾಚಿಕೊಂಡ ಒಣ ಮೋಟು, ಅದರ ತುದಿಯಲ್ಲಿ ಅಣಬೆ. ಇನ್ನೊಂದು, ಕೊಂಬೆ ಬೀಳುವಾಗ ತೊಗಟೆಯನ್ನೂ ಎಳೆದುಕೊಂಡು ಹೋಗಿ ಕಾಂಡದ ಉದ್ದಕ್ಕೂ ಆದ ಸೀಳು. ಆಮೇಲೆ ಅದಕ್ಕೆ ಟಾರು, ಹಳೇ ಎಂಜಿನ್ ಆಯಿಲ್, ಗೋದಾಮಿನ ಮೂಲೆಯಲ್ಲಿ ಉಳಿದ ಯಾವುದೋ ಕೀಟನಾಶಕ ಬಳಿಯುತ್ತಾರೆ. ಕತ್ತಿಯಲ್ಲಿ ಆದ ತಪ್ಪನ್ನು ಡಬ್ಬದ ಔಷಧಿ ಸರಿ ಮಾಡುವುದಿಲ್ಲ.

ಹಾಗಾದರೆ ಕೆಲಸ ಹೇಗೆ ಆಗಬೇಕು ಅಂತ ಒಂದೊಂದಾಗಿ ನೋಡೋಣ.

ಕಾಲ ಯಾವುದು? ಮರಕ್ಕೆ ಹಬ್ಬಿಸಿದ ಕಾಳುಮೆಣಸು ಕೊಯ್ದು ಮುಗಿದ ಮೇಲೆ, ಮುಂಗಾರು ಹಿಡಿಯುವ ಮೊದಲು. ಮೇಲೆ ಸೊಪ್ಪು ದಟ್ಟವಾಗಿಯೇ ಉಳಿದರೆ ಮಳೆಗಾಲದಲ್ಲಿ ಗಿಡದ ಒಳಗೆ ಗಾಳಿ ಆಡುವುದಿಲ್ಲ, ಕೊಳೆರೋಗ ಶುರುವಾಗುತ್ತದೆ. ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ನೆನಪಾಗಿ ಒದ್ದೆ ಮರಕ್ಕೆ ಆಳು ಹತ್ತಿಸುವವರಿದ್ದಾರೆ. ದಯವಿಟ್ಟು ಬೇಡ.

ಎಷ್ಟು ತೆಗೆಯಬೇಕು ಎನ್ನುವುದು ತೋಟ ನೋಡಿ ತೀರ್ಮಾನ. ಸಿದ್ದಾಪುರ, ಗೋಣಿಕೊಪ್ಪ ಕಡೆಯ ರೊಬಸ್ಟಾ ಕಾಫಿಗೆ ಬೆಳಕು ಜಾಸ್ತಿ ಬೇಕು. ಸೋಮವಾರಪೇಟೆ ಕಡೆಯ ಅರೇಬಿಕಾ ಕಾಫಿಗೆ ನೆರಳು ಬೇಕೇ ಬೇಕು. ಅರೇಬಿಕಾ ತೋಟವನ್ನು ಒಮ್ಮೆಲೇ ಬೋಳು ಮಾಡಿದರೆ ಬಿಳಿ ಕಾಂಡಕೊರಕವನ್ನು ನೀವೇ ಕರೆದ ಹಾಗೆ. ಆ ದುಂಬಿ ಬಿಸಿಲು ಬೀಳುವ ಕಾಫಿ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ನಡು ಮಧ್ಯಾಹ್ನ ನೆಲದ ಮೇಲೆ ಚುಕ್ಕೆ ಚುಕ್ಕೆ ಬಿಸಿಲು ಆಡುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಯಾವ ಮರದಿಂದಲೂ ಒಂದು ವರ್ಷಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಸೊಪ್ಪು ತೆಗೆಯಬಾರದು. ಹಾಲುವಾಣದ ಮರ ಇದಕ್ಕೆ ಹೊರತು, ಎಷ್ಟು ಸವರಿದರೂ ಚಿಗುರುತ್ತದೆ. ಸಿಲ್ವರ್ ಓಕಿನ ತಲೆ ಮಾತ್ರ ಕಡಿಯಬೇಡಿ. ಅಡ್ಡ ಕೊಂಬೆ ಸಾಕು. ತಲೆ ಹೋದ ಓಕಿನಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಚಿಗುರು ಎದ್ದು, ದಪ್ಪವಾದ ಮೇಲೆ ಗಾಳಿಗೆ ಸೀಳಿ ಬೀಳುತ್ತವೆ.

ಕೊಂಬೆ ಸವರುವುದು ಬೇರೆ, ಬುಡ ಕಡಿಯುವುದು ಬೇರೆ. ಬೀಟೆ, ನಂದಿ, ಮತ್ತಿಯಂಥ ಮರ ಉರುಳಿಸಬೇಕಾದರೆ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಕೊಡಗಿನಲ್ಲಿ ಜಾಗ ರಿಡೀಮ್ಡ್ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಹಕ್ಕು ಪಡೆದದ್ದು) ಹೌದೋ ಅಲ್ಲವೋ ಎಂಬ ಪ್ರಶ್ನೆಯೂ ಜೊತೆಗೆ ಬರುತ್ತದೆ. ದಾಖಲೆ ತೆಗೆದು ನೋಡಿಯೇ ಮುಂದುವರಿಯಿರಿ.

ಹತ್ತುವ ಮೊದಲು ಮರದ ಸುತ್ತ ಒಂದು ಸುತ್ತು ಬನ್ನಿ. ಕರೆಂಟ್ ತಂತಿ ಎಲ್ಲಿದೆ, ಜೇನು ಕಟ್ಟಿದೆಯಾ, ಒಣ ಕೊಂಬೆ ನೇತಾಡುತ್ತಿದೆಯಾ ನೋಡಿ. ತಂತಿ ಹತ್ತಿರ ಇದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ನವರಿಗೆ ಹೇಳಿ ಲೈನ್ ಆಫ್ ಮಾಡಿಸದೆ ಏಣಿ ಇಡಬೇಡಿ. ನಮ್ಮ ಜಿಲ್ಲೆಯಲ್ಲಿ ಮೆಣಸು ಕೊಯ್ಯುವಾಗಲೂ ಕಪಾತು ಮಾಡುವಾಗಲೂ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಸತ್ತವರ ಸುದ್ದಿ ಓದಿ ಓದಿ ಸಾಕಾಗಿದೆ. ಏಣಿ ನಿಲ್ಲಿಸಿದಾಗಲ್ಲ, ಒಂದು ಮರದಿಂದ ಇನ್ನೊಂದಕ್ಕೆ ನೆಟ್ಟಗೆ ಹಿಡಿದುಕೊಂಡೇ ಸಾಗಿಸುವಾಗ ತಗುಲುವುದೇ ಹೆಚ್ಚು. ಮಲಗಿಸಿ ಹೊತ್ತುಕೊಂಡು ಹೋದರೆ ಎರಡು ನಿಮಿಷ ತಡವಾಗುತ್ತದೆ, ಅಷ್ಟೇ. ತಂತಿ ಹಾದುಹೋದ ತೋಟವಾದರೆ ಬಿದಿರು ಅಥವಾ ಫೈಬರ್ ಏಣಿಯನ್ನೇ ಬಳಸಿ.

ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಬೇಡ, ಮೈಪೂರ್ತಿ ಹಿಡಿಯುವ ಹಾರ್ನೆಸ್ ತಗೊಳ್ಳಿ. ಅದರ ಮೇಲೆ ಭಾರತೀಯ ಮಾನಕದ ಗುರುತು ಐಎಸ್ 3521 ಎಂದು ಇರಬೇಕು. ಆನ್‌ಲೈನ್‌ನಲ್ಲಿ ಕಾಲಿಗೆ ಕಟ್ಟಿಕೊಳ್ಳುವ ಕಬ್ಬಿಣದ ಮುಳ್ಳು ಸಿಗುತ್ತದೆ. ಕಡಿದು ಉರುಳಿಸುವ ಮರಕ್ಕೆ ಅದು ಸರಿ. ಉಳಿಸಿಕೊಳ್ಳುವ ಮರಕ್ಕೆ ಒಂದೊಂದು ಹೆಜ್ಜೆಗೂ ಒಂದೊಂದು ತೂತು. ಮೆಣಸಿನ ಬಳ್ಳಿ ಹಬ್ಬಿದ್ದರಂತೂ ಕೇಳುವುದೇ ಬೇಡ.

ಈಗ ಮುಖ್ಯ ಕೆಲಸಕ್ಕೆ ಬರೋಣ, ಎಲ್ಲರೂ ಕೆಡಿಸುವುದು ಇಲ್ಲಿಯೇ.

ಕೊಂಬೆ ಕಾಂಡಕ್ಕೆ ಸೇರುವ ಜಾಗವನ್ನು ಹತ್ತಿರದಿಂದ ನೋಡಿ. ಸುತ್ತ ಸ್ವಲ್ಪ ಉಬ್ಬಿರುತ್ತದೆ, ಮೇಲ್ಭಾಗದಲ್ಲಿ ತೊಗಟೆ ಸುಕ್ಕುಗಟ್ಟಿರುತ್ತದೆ. ಹಲಸಿನಲ್ಲಿ, ಅತ್ತಿಯಲ್ಲಿ ಈ ಉಬ್ಬು ಚೆನ್ನಾಗಿ ಕಾಣುತ್ತದೆ. ಓಕಿನಲ್ಲಿ ಬೆರಳಾಡಿಸಿ ನೋಡಬೇಕು. ಆ ಉಬ್ಬು ಕಾಂಡದ ಪಾಲು, ಕೊಂಬೆಯದ್ದಲ್ಲ. ಗಾಯ ಮುಚ್ಚುವ ಶಕ್ತಿ ಇರುವುದು ಅಲ್ಲಿ. ಅದನ್ನು ಕಡಿದರೂ ಕೆಟ್ಟಿತು, ಅದರಿಂದ ದೂರ ಮೋಟು ಬಿಟ್ಟರೂ ಕೆಟ್ಟಿತು.

ಮಣಿಕಟ್ಟಿಗಿಂತ ದಪ್ಪ ಇರುವ ಕೊಂಬೆಗೆ ಕತ್ತಿ ಬೇಡ, ಕೈಗರಗಸ ಹಿಡಿಯಿರಿ. ಮೂರು ಸಲ ಕೊಯ್ಯಬೇಕು. ಮೊದಲನೆಯದು ಕೆಳಗಿನಿಂದ. ಉಬ್ಬಿನಿಂದ ಒಂದಡಿ ಆಚೆ, ಕೊಂಬೆಯ ಅಡಿಗೆ ಗರಗಸ ಇಟ್ಟು ಮೂರನೇ ಒಂದು ಭಾಗದಷ್ಟು ಮೇಲಕ್ಕೆ ಕೊಯ್ಯಿರಿ. ಕೊಂಬೆಯ ಭಾರಕ್ಕೆ ಗರಗಸ ಕಚ್ಚಿಕೊಳ್ಳಲು ಶುರುವಾಯಿತೋ, ನಿಲ್ಲಿಸಿ. ಎರಡನೆಯದು ಮೇಲಿನಿಂದ, ಮೊದಲನೆಯದಕ್ಕಿಂತ ಎರಡು ಮೂರು ಇಂಚು ಆಚೆ. ಅರ್ಧ ದಾಟುವ ಹೊತ್ತಿಗೆ ಕೊಂಬೆ ತಾನೇ ಬಾಗುತ್ತದೆ, ಲಟ್ಟನೆ ಮುರಿಯುತ್ತದೆ. ಆಗ ಸೀಳು ಕೆಳಗಿನ ಕೊಯ್ತದವರೆಗೆ ಬಂದು ಅಲ್ಲೇ ನಿಲ್ಲುತ್ತದೆ, ಕಾಂಡದ ತೊಗಟೆಗೆ ಏನೂ ಆಗುವುದಿಲ್ಲ. ‘ಕೆಳಗಿಂದ ಯಾಕೆ ಕೊಯ್ಯೋದು ಸಾವ್ಕಾರ್ರೇ, ಸುಮ್ನೆ ಟೈಮ್ ವೇಸ್ಟು’ ಅಂತ ಮರದ ಮೇಲಿಂದ ಮಾತು ಬರುತ್ತದೆ. ಬಗ್ಗಬೇಡಿ.

ಮೂರನೆಯದು ಉಳಿದ ಮೋಟಿಗೆ. ಈಗ ಭಾರ ಇಲ್ಲ, ಒಂದು ಕೈಯಲ್ಲಿ ಮೋಟು ಹಿಡಿದುಕೊಳ್ಳಬಹುದು. ಉಬ್ಬಿನ ಹೊರ ಅಂಚಿಗೆ ಸರಿಯಾಗಿ ಕೊಯ್ಯಿರಿ. ಕಾಂಡಕ್ಕೆ ಸಮವಾಗಿ ನೆಟ್ಟಗೆ ಇಳಿಸಬೇಡಿ, ಉಬ್ಬು ಹೇಗೆ ಓರೆಯಾಗಿದೆಯೋ ಹಾಗೆಯೇ ಹೋಗಲಿ. ಸಾಮಾನ್ಯವಾಗಿ ಕೆಳತುದಿ ಕಾಂಡದಿಂದ ತುಸು ಹೊರಗೆ ಬರುತ್ತದೆ. ಕೆಲಸ ಸರಿಯಾಗಿದೆಯಾ ಅಂತ ಮುಂದಿನ ವರ್ಷ ಮರವೇ ಹೇಳುತ್ತದೆ. ಗಾಯದ ಸುತ್ತ ಹೊಸ ತೊಗಟೆ ಬಳೆಯ ಹಾಗೆ ಪೂರ್ತಿ ದುಂಡಗೆ ಬಂದಿದ್ದರೆ ಸರಿ. ಎರಡು ಪಕ್ಕದಲ್ಲಿ ಮಾತ್ರ ಬಂದು ಮೇಲೆ ಕೆಳಗೆ ಖಾಲಿ ಇದ್ದರೆ ಉಬ್ಬು ಕತ್ತರಿಸಿದ್ದೀರಿ ಎಂದೇ ಅರ್ಥ.

ದೊಡ್ಡ ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸಿ, ಕೆಳಗೆ ಕಾಫಿ ಇದೆ.

ಇನ್ನು ಗಾಯಕ್ಕೆ ಬಳಿಯುವ ವಿಷಯ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟದ್ದು ಇಷ್ಟು: ಮರದ ಗಾಯ ನಮ್ಮ ಚರ್ಮದ ಗಾಯದಂತೆ ವಾಸಿಯಾಗುವುದಿಲ್ಲ, ಮರ ಕೊಳೆತ ಭಾಗಕ್ಕೆ ಒಳಗಿನಿಂದ ತಡೆ ಹಾಕಿ, ಹೊರಗೆ ಹೊಸ ಪದರ ಬೆಳೆಸಿ ಮುಚ್ಚಿಬಿಡುತ್ತದೆ. ಪೇಂಟು, ಟಾರಿನಿಂದ ಒಳಗಿನ ಕೊಳೆತ ನಿಲ್ಲುವುದಿಲ್ಲ. ಮನಸ್ಸು ತಡೆಯದಿದ್ದರೆ ಬೋರ್ಡೋ ಪೇಸ್ಟ್ ಹಚ್ಚಿ. ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 10 ಲೀಟರ್. ತುತ್ತ, ಸುಣ್ಣ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ ಬೆರೆಸಿ, ಅವತ್ತೇ ಮುಗಿಸಿ. ಕಬ್ಬಿಣದ ಪಾತ್ರೆ ಬೇಡ. ಅದ್ದಿ ತೆಗೆದ ಕಬ್ಬಿಣದ ಚಾಕು ಕೆಂಪಗಾದರೆ ಸುಣ್ಣ ಸಾಲದು.

ಕೀಟನಾಶಕವನ್ನು ಮಾತ್ರ ಗಾಯಕ್ಕೆ ತರಬೇಡಿ. ಕಾಂಡಕೊರಕಕ್ಕೆಂದು ಹಿಂದೆ ತಂದಿಟ್ಟ ಲಿಂಡೇನ್ ಡಬ್ಬ ಇನ್ನೂ ಕೆಲವರ ಗೋದಾಮಿನಲ್ಲಿ ಇರಬಹುದು. ದೇಶದಲ್ಲಿ ಅದರ ಬಳಕೆ 2013ರಿಂದ ನಿಷೇಧ. ಎಂಡೋಸಲ್ಫಾನ್ ಅದಕ್ಕೂ ಮೊದಲು, 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದಲೇ ನಿಂತಿತು. ‘ಹಳೇದು, ಪವರ್ ಜಾಸ್ತಿ’ ಎನ್ನುವವರ ಮಾತು ಕೇಳಬೇಡಿ.

ಹೊಸದು ಕೊಳ್ಳುವಾಗ ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಎಲ್ಲಕ್ಕಿಂತ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ವಿಷವೇ ಅಲ್ಲ ಅಂತಲ್ಲ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ನೋಂದಣಿಯಾಗದ ಔಷಧಿ ಮಾರುವಂತಿಲ್ಲ. ನೋಂದಣಿ ಸಂಖ್ಯೆ, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಇಲ್ಲದ ಬಾಟಲಿ ಮುಟ್ಟಬೇಡಿ. ಬ್ಯಾಚ್ ನಂಬರ್ ಹಾಕಿದ ಬಿಲ್ ಕೇಳಿ. ಅಂಗಡಿಯವರು ಮುಖ ಗಂಟಿಕ್ಕಿದರೆ ಪಕ್ಕದ ಅಂಗಡಿಗೆ ಹೋಗಿ. ಔಷಧಿ ಹೊಡೆದವರಿಗೆ ತಲೆಸುತ್ತು, ವಾಂತಿ ಬಂದರೆ ಬಟ್ಟೆ ಬದಲಿಸಿ, ಮೈ ತೊಳೆಸಿ, ಆಸ್ಪತ್ರೆಗೆ ಆ ಡಬ್ಬವನ್ನೂ ಒಯ್ಯಿರಿ. ಏನು ಕೊಡಬೇಕು ಅಂತ ಡಾಕ್ಟರಿಗೆ ಗೊತ್ತಾಗುವುದು ಅದರ ಲೇಬಲ್‌ನಿಂದ.

ಅಮೆರಿಕದಲ್ಲಿ ಮರ ಆರೈಕೆಯವರು 1938ರಲ್ಲೇ ಸಂಘ ಕಟ್ಟಿಕೊಂಡರು. ಈಗ ಅದರ ಹೆಸರು ಟ್ರೀ ಕೇರ್ ಇಂಡಸ್ಟ್ರಿ ಅಸೋಸಿಯೇಷನ್. ಮರ ಹತ್ತುವವರಿಗೆ ತರಬೇತಿ ಕೊಡುವುದು, ಕಾನೂನು ಬದಲಾಗುವಾಗ ಸರ್ಕಾರದ ಮುಂದೆ ಅವರ ಪರ ಮಾತಾಡುವುದು, ಎರಡೂ ಅದರ ಕೆಲಸ. ನಮ್ಮಲ್ಲಿ ಬೆಳೆಗಾರರ ಸಭೆ ಎಂದರೆ ಕಾಫಿ ರೇಟು, ಆನೆ ಹಾವಳಿ. ಅವೂ ಬೇಕು, ಸರಿ. ಆದರೆ ನಲವತ್ತು ಅಡಿ ಮೇಲೆ ನಿಂತವನ ಪರ ಅಲ್ಲಿ ಮಾತಾಡುವವರು ಯಾರು? ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯ ಅರಣ್ಯ ಕಾಲೇಜು, ಕೇಳಲು ಜಾಗಗಳಿವೆ. ತರಬೇತಿ ಇದೆ ಅಂತ ಗೊತ್ತಾದರೆ ನೀವೊಬ್ಬರೇ ಹೋಗಿ ಟೀ ಕುಡಿದು ಬರಬೇಡಿ, ಮರ ಹತ್ತುವವರನ್ನೂ ಕರೆದುಕೊಂಡು ಹೋಗಿ. ಅವತ್ತಿನ ಕೂಲಿಯನ್ನೂ ಕೊಡಿ.

ಕೂಲಿ ಎಂದಾಗ ಇನ್ನೊಂದು ಮಾತು. ಮರಕ್ಕೆ ಇಷ್ಟು ಅಂತ ಗುತ್ತಿಗೆ ಕೊಟ್ಟರೆ ಕೆಳಗಿನ ಕೊಯ್ತವನ್ನು ಯಾರೂ ಹಾಕುವುದಿಲ್ಲ, ಹಾರ್ನೆಸ್ಸನ್ನೂ ಕಟ್ಟಿಕೊಳ್ಳುವುದಿಲ್ಲ. ದಿನಗೂಲಿ ಕೊಡಿ. ಸಂಜೆ ಲೆಕ್ಕ ಮಾಡುವಾಗ ಎಷ್ಟು ಮರ ಆಯಿತು ಅಂತ ಕೇಳುವ ಮೊದಲು ಬಿದ್ದ ಕೊಂಬೆಗಳ ಬುಡ ತಿರುಗಿಸಿ ನೋಡಿ. ಅಡಿಯಲ್ಲಿ ಗರಗಸದ ಗುರುತು ಇಲ್ಲದ ಕೊಂಬೆ ಸಿಕ್ಕಿದರೆ, ಅದು ಯಾವ ಮರದ್ದು ಅಂತ ಅವರ ಜೊತೆಗೇ ಹೋಗಿ ಕಾಂಡದ ಸೀಳು ತೋರಿಸಿ.