ಪಂದ್ಯದ ಹಿಂದಿನ ರಾತ್ರಿ ನಾನು ಕಾಲು ಒತ್ತುವುದಿಲ್ಲ

ಕಳೆದ ಬೇಸಿಗೆಯಲ್ಲಿ ಮದ್ದೂರು ಕಡೆಯ ಒಂದು ಹಳ್ಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ಇತ್ತು. ನಾನು ಮಾಲೀಸು ಮಾಡುವ ಮಂಡ್ಯದ ಹುಡುಗರು ಒಂದೇ ರಾತ್ರಿ ಐದು ಪಂದ್ಯ ಆಡಿದರು. ಮೊದಲನೆಯದು ಎಂಟಕ್ಕೆ, ಕೊನೆಯದು ಬೆಳಗಿನ ಜಾವ ನಾಲ್ಕರ ಹತ್ತಿರ. ಒಬ್ಬನಿಗೂ ಮೀನಖಂಡ ಹಿಡಿದುಕೊಳ್ಳಲಿಲ್ಲ. ಎರಡನೇ ಬಹುಮಾನ ಬಂತು. ಮಾಲೀಸು ಸುಮ್ನೆ ದುಡ್ಡು ದಂಡ ಅಂತ ಎರಡು ವರ್ಷ ಹೇಳುತ್ತಿದ್ದ ಕೋಚ್ ತಾವೇ ಬಂದು, "ಮುಂದಿನ್ ಸರ್ತಿಗೂ ನೀನೇ ಬಾರಪ್ಪ" ಅಂದರು. ನನಗೆ ಬಹುಮಾನಕ್ಕಿಂತ ಆ ಮಾತೇ ದೊಡ್ಡದು.

ನಾನು ಮೈಸೂರಿನವನು, ಗರಡಿ ಮನೆಯಲ್ಲಿ ಬೆಳೆದವನು. ದಸರಾ ಕುಸ್ತಿಗೆ ಇಳಿಯುವ ಪೈಲ್ವಾನರಿಗೆ ನಮ್ಮ ತಾತ ಎಣ್ಣೆ ಹಚ್ಚಿ ನೀವುತ್ತಿದ್ದರು. ಸಾಮು ಮುಗಿದ ಮೇಲೆ ಒಬ್ಬರಿಗೊಬ್ಬರು ನೀವಿಕೊಳ್ಳುವುದು ಗರಡಿ ಕಂಡವರಿಗೆಲ್ಲ ಗೊತ್ತು. ಅಲ್ಲಿ ನಾನು ಕಲಿತದ್ದು ಒಂದೇ. ನೋವಾದಷ್ಟೂ ಒಳ್ಳೆಯದು. ಮೊಣಕೈ ಊರಬೇಕು, ಕೆಳಗೆ ಮಲಗಿದವನು ಹಲ್ಲು ಕಚ್ಚಬೇಕು.

ಅದೇ ಕೈಯನ್ನು ಓಟಗಾರರ ಮೇಲೆ ಇಟ್ಟೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ದಿನಾ ಓಡುತ್ತಿದ್ದ ಒಬ್ಬ ಹುಡುಗನಿಗೆ ಹತ್ತು ಕಿಲೋಮೀಟರ್ ಓಟದ ಹಿಂದಿನ ರಾತ್ರಿ ಮುಕ್ಕಾಲು ಗಂಟೆ ತೊಡೆ, ಮೀನಖಂಡ ಎಲ್ಲ ಅರೆದೆ. ಮರುದಿನ ಅವನು ಯಾವಾಗಲೂ ಓಡುವುದಕ್ಕಿಂತ ಮೂರು ನಾಲ್ಕು ನಿಮಿಷ ಹಿಂದೆ ಬಿದ್ದ. "ಕಾಲು ನಂದೇ ಅಲ್ಲ ಅನ್ನಿಸ್ತು ಅಣ್ಣ" ಅಂದ. ನೀನು ನಿದ್ದೆ ಮಾಡಿಲ್ಲ ಅಂತ ಅವನನ್ನೇ ಬೈದೆ. ಹೀಗೇ ಇನ್ನಿಬ್ಬರಿಗೆ ಆದ ಮೇಲೆ ತಪ್ಪು ನನ್ನ ಕೈಯದು ಅಂತ ಗೊತ್ತಾಯಿತು. ಆ ಹುಡುಗನ ಹತ್ತಿರ ಆಮೇಲೆ ಹೋಗಿ ಕ್ಷಮೆ ಕೇಳಿದ್ದೇನೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಒಬ್ಬನಿಗೆ ತೊಡೆಯ ಹಿಂಭಾಗ ಚಟ್ ಅಂದಿತ್ತು. ಅದೇ ಸಂಜೆ ಬಿಸಿ ಎಣ್ಣೆ ಹಾಕಿ ಒತ್ತಿದೆ. ಎರಡು ದಿನದಲ್ಲಿ ಮಂಡಿವರೆಗೆ ನೀಲಿಗಟ್ಟಿತು. ಒಂದೂವರೆ ತಿಂಗಳು ಅವನು ಮೈದಾನಕ್ಕೆ ಬರಲಿಲ್ಲ. ಈಗ ಹೊಸ ಪೆಟ್ಟಾದರೆ ಮೂರು ದಿನ ಆ ಜಾಗಕ್ಕೆ ಕೈ ಹಾಕುವುದಿಲ್ಲ. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರಂತೂ ನೇರ ಡಾಕ್ಟರ ಹತ್ತಿರ ಕಳಿಸುತ್ತೇನೆ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ನೀವುವುದು ಪ್ರಾಣಕ್ಕೇ ಅಪಾಯ.

ದುಡ್ಡಿನ ಕಥೆ ಹೇಳಲೇಬೇಕು. ಸರಸ್ವತಿಪುರಂನಲ್ಲಿ ಒಂದು ಸಣ್ಣ ಮಳಿಗೆ ಹಿಡಿದಿದ್ದೆ. ಅಡ್ವಾನ್ಸ್ ಐವತ್ತು ಸಾವಿರ, ಬಾಡಿಗೆ ಒಂಬತ್ತು. ಮಾಲೀಸಿನ ಟೇಬಲ್ಲಿಗೆ ಹದಿನಾಲ್ಕು ಸಾವಿರದಷ್ಟು ಕೊಟ್ಟ ನೆನಪು. ಅಲ್ಲಿಗೆ ಆಟಗಾರರು ಬರಲೇ ಇಲ್ಲ. ಬಂದವರೆಲ್ಲ ಬೆನ್ನುನೋವಿನವರು. ಓಡುವ ಹುಡುಗರು ಕಾಲೇಜಿನವರು, ಶೂ ಕೊಳ್ಳುವುದಕ್ಕೇ ಕಷ್ಟ, ಮುನ್ನೂರು ಎಲ್ಲಿಂದ ತರುತ್ತಾರೆ? ಹನ್ನೊಂದು ತಿಂಗಳಿಗೆ ಬಾಗಿಲು ಹಾಕಿದೆ. ಹತ್ತಿರ ಹತ್ತಿರ ಒಂದು ಲಕ್ಷ ಹೋಯಿತು. ಹೆಂಡತಿಯ ಬಳೆ ಬ್ಯಾಂಕಿನಲ್ಲಿತ್ತು, ಹೋದ ವರ್ಷ ಬಿಡಿಸಿದೆ. ಐದು ಸಾವಿರದ ಮಸಾಜ್ ಗನ್ ಬೀರುವಿನಲ್ಲೇ ಇದೆ. ಅದರಲ್ಲಿ ಬೆರಳಿಗೆ ಏನೂ ತಿಳಿಯುವುದಿಲ್ಲ. ಗಂಟು ಎಲ್ಲಿದೆ ಅಂತ ಹೇಳುವುದು ಹೆಬ್ಬೆರಳು. ಈಗ ನನ್ನ ಸಾಮಾನು ಇಷ್ಟೆ: ಒಂದು ಚಾಪೆ, ಎರಡು ಬೆಡ್‌ಶೀಟು, ಒಂದು ದಿಂಬು, ಎಣ್ಣೆ ಬಾಟಲಿ. ನಾನೇ ಮೈದಾನಕ್ಕೆ ಹೋಗುತ್ತೇನೆ. ತಂಡಕ್ಕೆ ಒಂದು ಪಂದ್ಯಾವಳಿಗೆ ಮೂರು ಸಾವಿರ, ಜೊತೆಗೆ ಬಸ್ ಚಾರ್ಜು.

ನನ್ನ ಕ್ರಮ ಬದಲಾಗಿದ್ದು ಹೊತ್ತಿನ ವಿಷಯದಲ್ಲಿ. ಜೋರು ಕೈ ಏನಿದ್ದರೂ ಪಂದ್ಯಕ್ಕೆ ಎರಡು ಮೂರು ದಿನ ಮುಂಚೆ. ಹಿಂದಿನ ದಿನ ಅಂಗಾಲು ಬಿಟ್ಟು ಬೇರೆಲ್ಲೂ ಒತ್ತುವುದಿಲ್ಲ. ಪಂದ್ಯದ ದಿನ ಅರ್ಧ ಗಂಟೆ ಮುಂಚೆ ಏಳೆಂಟು ನಿಮಿಷ ಬೇಗ ಬೇಗ ಉಜ್ಜುವುದು, ತಟ್ಟುವುದು, ಕಾಲು ಹಿಡಿದು ಅಲ್ಲಾಡಿಸುವುದು. ಕಬಡ್ಡಿಯಲ್ಲಿ ಮೈಗೆ ಎಣ್ಣೆ ಹಚ್ಚಿ ಇಳಿಯುವಂತಿಲ್ಲ, ಹಾಗಾಗಿ ಟವೆಲ್ ಮೇಲೆಯೇ. ಪಂದ್ಯದ ನಡುವೆ ಒಬ್ಬೊಬ್ಬನಿಗೆ ಮೂರು ನಾಲ್ಕು ನಿಮಿಷ, ಪಾದದಿಂದ ಮೇಲಕ್ಕೆ, ಮೆತ್ತಗೆ. ಮೊದಲ ಸಲ ಇದನ್ನು ನೋಡಿ ಮಂಡ್ಯದ ಹುಡುಗರು ನಕ್ಕರು. "ಇದೇನಣ್ಣ, ಮಗೀಗೆ ಎಣ್ಣೆ ಹಚ್ಚಂಗೆ ಹಚ್ತೀಯ?" ಅಂದರು. ಮದ್ದೂರಿನ ಆ ರಾತ್ರಿ ಮೂರನೇ ಪಂದ್ಯದ ಹೊತ್ತಿಗೆ ಅವರೇ ಸಾಲಾಗಿ ಬಂದು ಚಾಪೆ ಮೇಲೆ ಮಲಗಿದರು. ಕಾಲು ಹಿಡಿಯದಿದ್ದಕ್ಕೆ ಉಪ್ಪು ಹಾಕಿದ ನಿಂಬೆ ಪಾನಕಕ್ಕೂ ಒಂದು ಪಾಲು ಸಲ್ಲಬೇಕು. ಅದನ್ನು ಎರಡು ಬಕೆಟ್ ಮಾಡಿಸಿದ್ದೆ.

ಜೋರಾಗಿ ಓಡಿದಾಗ ಮಾಂಸಖಂಡದಲ್ಲಿ ಸೇರುವ ಲ್ಯಾಕ್ಟಿಕ್ ಆಸಿಡ್ ಹಿಂಡಿ ತೆಗೆಯುತ್ತೇನೆ ಅಂತ ನಾನೂ ಒಂದು ಕಾಲದಲ್ಲಿ ಹೇಳಿಕೊಂಡು ತಿರುಗಿದವನೇ. ಅದು ಓಟ ಮುಗಿದ ಒಂದು ಗಂಟೆಯೊಳಗೆ ತಾನಾಗಿ ಇಳಿದುಹೋಗಿರುತ್ತದೆ. ಮರುದಿನ, ಅದರ ಮರುದಿನ ಬರುವ ನೋವೇ ಬೇರೆ. ಇದನ್ನು ನನ್ನ ಮೈಮೇಲೇ ನೋಡಿದ್ದೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು ಉಸಿರಿಗೆ ಕಷ್ಟ, ತೊಡೆ ಸಾಯುವುದು ಇಳಿಯುವಾಗ. ನಾಲ್ಕು ಭಾನುವಾರ ಸಾವಿರ ಮೆಟ್ಟಿಲನ್ನೂ ಓಡಿಕೊಂಡು ಇಳಿದೆ. ಪ್ರತಿ ಸಲವೂ ಬಲಗಾಲಿಗೆ ಮಾತ್ರ ನೀವಿಕೊಂಡೆ, ಎಡಗಾಲು ಹಾಗೇ ಬಿಟ್ಟೆ. ಮೂರು ಸಲ ಮಂಗಳವಾರದ ಹೊತ್ತಿಗೆ ಬಲಗಾಲಿನ ನೋವು ಕಡಿಮೆ ಇತ್ತು, ಒಂದು ಸಲ ಎರಡೂ ಒಂದೇ. ಆದರೆ ಒಂಟಿ ಕಾಲಲ್ಲಿ ಬಸ್ಕಿ ಹೊಡೆದರೆ ಎರಡೂ ಅಷ್ಟೇ ಆಗುತ್ತಿದ್ದವು. ಮಾಲೀಸಿನಿಂದ ಬಲ ಬರುವುದಿಲ್ಲ, ಯಾರನ್ನೂ ಅದು ಜೋರಾಗಿ ಓಡಿಸುವುದಿಲ್ಲ. ನೋವು ಸ್ವಲ್ಪ ತಗ್ಗುತ್ತದೆ, ಹುಡುಗ ಮೂರನೇ ದಿನಕ್ಕೆ ಪ್ರಾಕ್ಟೀಸಿಗೆ ಬರುತ್ತಾನೆ. ನನಗೆ ಅಷ್ಟು ಸಾಕು. ಒಂದು ಸೀಸನ್ನಿನಲ್ಲಿ ಹಾಗೆ ಉಳಿದ ದಿನಗಳನ್ನು ಕೂಡಿ ನೋಡಿ, ಎಷ್ಟಾಗುತ್ತದೆ ಅಲ್ವಾ?

ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿ ನೋಡಿದೆ. ಇಬ್ಬರಿಗೆ ಚರ್ಮ ಕೆಂಪಾಗಿ ಗುಳ್ಳೆ ಎದ್ದಿತು, ಬಿಟ್ಟೆ. ತಣ್ಣೀರಿಗೆ ಅಂತ ಹುಡುಗರನ್ನು ವಿ.ಸಿ. ನಾಲೆಯಲ್ಲಿ ನಿಲ್ಲಿಸಿದ್ದು ಒಂದೇ ದಿನ. ಸೆಳೆತ ನೋಡಿ ನನಗೇ ಎದೆ ಧಸಕ್ ಅಂತು. ಈಗ ಗದ್ದೆಯ ಪಂಪ್‌ಸೆಟ್ ತೊಟ್ಟಿ. ಹತ್ತು ನಿಮಿಷ ಸೊಂಟದವರೆಗೆ ಕೂರುತ್ತಾರೆ, ಆಮೇಲೆ ಊಟ, ನಿದ್ದೆ. ಮಾಲೀಸು ಮರುದಿನ ಸಂಜೆಗೆ.

ಎಣ್ಣೆ ಯಾವುದು ಅಂತ ತುಂಬಾ ಜನ ಕೇಳುತ್ತಾರೆ. ಎಳ್ಳೆಣ್ಣೆಗೆ ಸ್ವಲ್ಪ ಹರಳೆಣ್ಣೆ ಬೆರೆಸುತ್ತೇನೆ. ಎಷ್ಟು ಅನ್ನುವುದು ತಾತನ ಲೆಕ್ಕ, ಅದು ಮನೆಯಲ್ಲೇ ಇರಲಿ. ಹಿಮ್ಮಡಿಯ ಮೇಲೆ ಹಿಡಿಯುವ ಒಂದು ಪಟ್ಟೂ ಇದೆ. ಅದು ಬರೆದರೆ ಬರುವುದಿಲ್ಲ, ಕೈ ಹಿಡಿದೇ ತೋರಿಸಬೇಕು.

ನನ್ನ ಅಕ್ಕನ ಮಗ ಈ ಸಲ ದಸರಾ ಕುಸ್ತಿಗೆ ಇಳಿಯುತ್ತಿದ್ದಾನೆ. "ನೋವಾಗ್ದೆ ಇದ್ರೆ ಅದೆಂಥ ಮಾಲೀಸಯ್ಯ?" ಅಂತ ಗರಡಿಯ ಉಸ್ತಾದ್ ಈಗಲೂ ಕೇಳುತ್ತಾರೆ. ಎದುರು ಮಾತಾಡಲು ನನಗೆ ಮನಸ್ಸಿಲ್ಲ, ನನ್ನ ಕೈ ಪಳಗಿದ್ದೇ ಅವರ ಮುಂದೆ. ಹುಡುಗ ಮಾತ್ರ ಒಪ್ಪಿದ್ದಾನೆ. ಕುಸ್ತಿಗೆ ಮೂರು ದಿನ ಇರುವಾಗ ಜೋರು ಮಾಲೀಸು, ಆಮೇಲೆ ನನ್ನ ಮೆತ್ತನೆ ಕೈ.